ತಂಗಮ್ಮನ ಬಲಗೈ

"ಎತ್ತೇ ಕೈನ, ನಾಟಕದ ಮುಂಡೆ! ಮೂಳೆ ಸರಿ, ನರ ಸರಿ, ಎಲ್ಲಾ ಸರಿ ಅಂತ ಡಾಕ್ಟ್ರೇ ಬರ್ದಿದಾರೆ!"

ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ರಾಜೇಶ ಚೀಟಿಯನ್ನು ತಂಗಮ್ಮನ ಮೂಗಿಗೆ ಹಿಡಿದ. ಸಂಜೆ ತೂಕ ಮುಗಿಸಿ ಸಾಲಾಗಿ ನಿಂತಿದ್ದ ನಮಗೆಲ್ಲ ಕೇಳಲೆಂದೇ ಕೂಗಿದ್ದು. ಧಣಿ ಪರಮೇಶ್ವರಪ್ಪನವರು ಜೀಪಿನಲ್ಲಿ ಕೂತು ನೋಡುತ್ತಿದ್ದರು. ತಂಗಮ್ಮನ ಬಲಗೈ ಹದಿನೈದು ದಿನದಿಂದ ಮೇಲೇಳದೆ ಜೋತುಬಿದ್ದಿತ್ತು. ನಾಳೆಯಿಂದ ಎರಡೂ ಕೈಯಲ್ಲಿ ಹಣ್ಣು ಕುಯ್ಯದಿದ್ದರೆ ತೋಟದಾಳುಗಳಿಗೆ ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕೆಂದು ಧಣಿಗಳ ಅಪ್ಪಣೆಯಾಗಿತ್ತು. ಅವಳಿಗೆ ಹೋಗಲು ಬೇರೆ ಸೂರಿಲ್ಲ.

ಹದಿನೈದು ದಿನದ ಹಿಂದೆ ನಡೆದದ್ದು ನಮಗೆಲ್ಲ ಗೊತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ. ತೊಂಬತ್ನಾಲ್ಕರಲ್ಲಿ ಕಾಫಿಗೆ ಚಿನ್ನದ ಬೆಲೆ ಬಂತು. ಅಲ್ಲಿಂದ ಹೆಂಗಸರು ದಿನಾ ಸೆರಗು ಕೊಡವಿ, ಹಣ್ಣು ಕದ್ದಿಲ್ಲ ಎಂದು ತೋರಿಸಿಯೇ ಮನೆಗೆ ಹೋಗಬೇಕು ಎಂದಾಯಿತು. ಅಂದು ತಂಗಮ್ಮ ಕೊಡವಿದಳು. ಅದು ಸಾಲದೆಂದು ರಾಜೇಶ ಅವಳ ರವಿಕೆಯೊಳಗೇ ಕೈ ಹಾಕಿದ. ಹೊಡೆಯಲು ಎತ್ತಿದ ಅವಳ ಬಲಗೈಯನ್ನು, ಅಲ್ಲೇ ಮೂಟೆ ಹೊರುತ್ತಿದ್ದ ಗಂಡ ಗಿಡ್ಡಪ್ಪ ಓಡಿಬಂದು ಹಿಡಿದು ಕೆಳಗಿಳಿಸಿದ.

"ಸುಮ್ನಿರೇ, ಅನ್ನ ಹೋಗ್ತದೆ."

ಮಾರನೇ ಬೆಳಿಗ್ಗೆ ಆ ಕೈ ಏಳಲಿಲ್ಲ.

ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಅವಳನ್ನು ಕರೆದೊಯ್ದವನೂ ರಾಜೇಶನೇ. ಅವಳಿಗೆ ಆಸರೆಗೆಂದು ಜೊತೆಗೆ ನಾನೂ ಹೋಗಿದ್ದೆ.

"ಕೈ ಬೀಳೋ ಮುಂಚೆ ಮನಸ್ಸಿಗೇನಾದ್ರೂ ಪೆಟ್ಟಾಗಿತ್ತಾ ಅಮ್ಮ? ಕೆಲವ್ರಿಗೆ ಅದು ಮೈಗಿಳಿಯುತ್ತೆ," ಎಂದು ಡಾಕ್ಟರು ಕೇಳಿದರು.

ತಂಗಮ್ಮ ಬಾಯಿ ತೆರೆಯುವ ಮೊದಲೇ ರಾಜೇಶ, "ಎಂಥ ಪೆಟ್ಟು ಸಾರ್, ಮನೆ ಮಕ್ಳ ಥರ ಇಟ್ಕಂಡಿದೀವಿ," ಎಂದ. ಡಾಕ್ಟರು ಅದನ್ನೇ ಬರೆದುಕೊಂಡರು. ನನಗೂ ನಾಲಿಗೆ ಇತ್ತು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಈಗ ತಂಗಮ್ಮ ಜೀಪಿನ ಕಡೆ ತಿರುಗಿದಳು.

"ಧಣಿಗಳೇ, ಡಾಕ್ಟ್ರ ಮುಂದೆ ಇವ್ರು ಸುಳ್ಳು ಹೇಳಿದ್ರು. ನನ್ ರವಿಕೆಗೆ ಕೈ ಹಾಕಿದ್ರು ಇವ್ರು. ಅವತ್ತು ಹೊಡೀಬೇಕಿದ್ದ ಕೈ ಇದು."

ಪರಮೇಶ್ವರಪ್ಪನವರು ಜೀಪಿನಿಂದ ಇಳಿಯಲೂ ಇಲ್ಲ.

"ನಿನ್ ರವಿಕೆ ಕಥೆ ನಂಗ್ಯಾಕೆ ಮಾರಾಯ್ತಿ? ರಾಜೇಶ, ಸೆರಗು ನೋಡಿ ಕಳ್ಸು."

ರಾಜೇಶ ಹಲ್ಲು ಕಿಸಿಯುತ್ತಾ ಹತ್ತಿರ ಬಂದ. ತಂಗಮ್ಮನ ಬಲಗೈ ಅಲುಗಲಿಲ್ಲ. ಎಡಗೈಯಲ್ಲಿ ಬಾರಿಸಿದಳು. ಅವನ ಕನ್ನಡಕ ಹಾರಿ ತಕ್ಕಡಿಯ ಕೆಳಗೆ ಬಿತ್ತು.

ಅವಳನ್ನು ಹಿಡಿಯಲು ಗಿಡ್ಡಪ್ಪ ಮೂಟೆ ಬಿಸಾಡಿ ಓಡಿಬಂದ. ನಾನು ಅಡ್ಡ ಹೋಗಿ ಅವನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡೆ.

"ಬಿಡಬೇಡ ತಂಗಮ್ಮಕ್ಕ," ಎಂದೆ. "ಹಾಕು ಇನ್ನೊಂದು!"