ಬೀಗ ಹಾಕಿದ ಮನೆಯ ವೋಟು

ದೀಪಾವಳಿ ಪಟಾಕಿಯ ಸದ್ದು ಅಡಗಿದರೆ ಸಾಕು, ಬೈರಕೂರಿನ ಪಕ್ಕದ ಒಂದು ಹಳ್ಳಿಯ ಕೆಳಗಿನ ಬೀದಿಯಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬೀಳುತ್ತದೆ. ಜನ ಮಾಲೂರಿನ ಕಡೆ ಇಟ್ಟಿಗೆ ಗೂಡುಗಳಿಗೆ ಕೂಲಿಗೆ ಹೊರಡುತ್ತಾರೆ. ಪಾತ್ರೆ, ಹಾಸಿಗೆ, ಮಕ್ಕಳು, ಎರಡು ಕೋಳಿ, ಎಲ್ಲವೂ ಒಂದೇ ಟೆಂಪೋದಲ್ಲಿ. ಮತ್ತೆ ಬೀಗ ತೆಗೆಯುವುದು ಮುಂಗಾರಿಗೆ. ನಿಮ್ಮೂರಲ್ಲೂ ಇಂಥ ಬೀದಿ ಒಂದಿರಬಹುದು.

ಈ ಸಲ ಹಬ್ಬದ ಮಾರನೇ ದಿನವೇ ಲಾಯರ್ ಭೀಮರಾಜ್ ಆ ಬೀದಿಗೆ ಬಂದರು. ಬರಲು ಅವರಿಗೆ ಮನಸ್ಸಿರಲಿಲ್ಲ.

ಭೀಮರಾಜ್ ಮುಳಬಾಗಿಲು ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲರು. ಎಂಎಲ್ಎ ಆಗಬೇಕು ಎಂದು ಮೂರು ಸಲ ನಿಂತು, ಮೂರು ಸಲವೂ ಸೋತವರು. ಮೊದಲ ಸಲ ಠೇವಣಿಯೂ ಉಳಿಯಲಿಲ್ಲ. ಎರಡನೇ ಸಲ ಆವನಿಯಿಂದ ದೇವರಾಯಸಮುದ್ರದವರೆಗೆ ನಡೆದೇ ಪ್ರಚಾರ ಮಾಡಿ ಕಾಲು ಬಾತುಕೊಂಡಿತು. ಎಣಿಕೆಯ ದಿನ ಚಪ್ಪಲಿ ಮೆಟ್ಟಲಾಗದೆ ಮನೆಯಲ್ಲೇ ಕೂತಿದ್ದರು. ಮೂರನೇ ಸಲ ಗಂಟಲು ಕಟ್ಟಿ, ಕೊನೆಯ ಮೂರು ದಿನ ಬರೀ ಕೈ ಮುಗಿದರು. "ನೀವು ಬಾಯಿ ಬಿಡದೆ ಇದ್ದಿದ್ದಕ್ಕೇ ಆ ಸಲ ವೋಟು ಜಾಸ್ತಿ ಬಂದಿದ್ದು" ಎಂದು ಹೆಂಡತಿ ಗಂಗಾಲಕ್ಷ್ಮಿ ಇವತ್ತಿಗೂ ಕಾಲೆಳೆಯುತ್ತಾರೆ.

ಸೋಲು ಅವರಿಗೆ ಅಭ್ಯಾಸವಾಗಿತ್ತು. ಆದರೆ ಮೂರನೇ ಸಲದ ಮತದಾನದ ದಿನ ಮಾತ್ರ ಮನಸ್ಸಿನಿಂದ ಹೋಗಿರಲಿಲ್ಲ. ಅವತ್ತು ಕೆಳಗಿನ ಬೀದಿಯ ನಲವತ್ತಮೂರು ಜನ ಒಂದು ದಿನದ ಕೂಲಿ ಬಿಟ್ಟು, ಮೇ ತಿಂಗಳ ಬಿಸಿಲಲ್ಲಿ ಮಾಲೂರಿನಿಂದ ಟೆಂಪೋದಲ್ಲಿ ನಿಂತುಕೊಂಡೇ ಬಂದಿದ್ದರು. ಎಲ್ಲರ ಕೈಯಲ್ಲೂ ವೋಟರ್ ಕಾರ್ಡಿತ್ತು. ಪಟ್ಟಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮೂರು ಮಕ್ಕಳ ತಾಯಿ ಅಂಜಮ್ಮ ಮತಗಟ್ಟೆ ಬಾಗಿಲಲ್ಲೇ ಜಗಳಕ್ಕೆ ನಿಂತಳು. "ಇವತ್ತು ಏನೂ ಮಾಡೋಕಾಗಲ್ಲಕ್ಕ" ಎಂದರು ಭೀಮರಾಜ್. "ಹಂಗಾದ್ರೆ ನಿಮಗೆ ಕರಿ ಕೋಟು ಯಾಕೆ?" ಎಂದು ಕೇಳಿ ಅವಳು ಟೆಂಪೋ ಹತ್ತಿದಳು.

ಅಂಗನವಾಡಿ ಟೀಚರ್ ಅನಸೂಯಮ್ಮ ಈಗ ಆ ಬೂತಿನ ಬಿ.ಎಲ್.ಓ. ಅಂದರೆ ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ನೋಡಿಕೊಳ್ಳುವವರು. ಅವರೇ ಭೀಮರಾಜರಿಗೆ ಫೋನ್ ಮಾಡಿದ್ದು.

"ಆ ಬೀದಿಯವರು ನನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ ಸಾರ್. ಅವರ ಕೇಸೆಲ್ಲ ನೋಡೋರು ನೀವು. ಒಂದ್ಸಲ ಬನ್ನಿ."

"ನನಗೆ ಸಾಕಾಗಿದೆಯಮ್ಮ. ಇನ್ನು ನಾನು ಎಲೆಕ್ಷನ್ನಿಗೆ ನಿಲ್ಲಲ್ಲ."

"ಅದಕ್ಕೇ ಕರೀತಿರೋದು ಸಾರ್. ನಿಲ್ಲೋ ಹಂಗಿದ್ರೆ ಕರೀತಿರ್ಲಿಲ್ಲ."

ಆ ಮಾತು ಕೇಳಿಯೇ ಬಂದರು.

ಅಂಜಮ್ಮ ಬಾಗಿಲಲ್ಲಿ ಕೂತು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಏಮಿ ಲಾಯರಪ್ಪಾ, ಎಲೆಕ್ಷನ್ ಬಂದೇಬಿಡ್ತಾ?"

"ಇಲ್ಲಕ್ಕ. ನಾನೇನೂ ಕೇಳೋಕೆ ಬಂದಿಲ್ಲ. ಟೀಚರ್ ಹೇಳೋದು ಒಂಚೂರು ಕೇಳಿ."

"ವೋಟೂ ಬೇಡ ಗೀಟೂ ಬೇಡ. ಕಾರ್ಡು ಟ್ರಂಕಲ್ಲೇ ಬಿದ್ದಿದೆ. ಇದ್ದು ಏನ್ ಉಪಯೋಗ ಆಯ್ತು?"

"ಕಾರ್ಡ್ ಒಂದಿದ್ರೆ ಸಾಲದು ಅಂಜಮ್ಮ" ಎಂದರು ಅನಸೂಯಮ್ಮ. "ನೀವು ಯಾರು ಅಂತ ಕಾರ್ಡು ತೋರಿಸುತ್ತೆ ಅಷ್ಟೆ. ವೋಟ್ ಹಾಕೋಕೆ ಲಿಸ್ಟಲ್ಲಿ ಹೆಸರಿರಬೇಕು. ರೇಷನ್ ಕಾರ್ಡ್ ಕೈಲಿದ್ರೂ ಮಿಷಿನ್ನಲ್ಲಿ ಹೆಸರು ಬರದಿದ್ರೆ ಅಕ್ಕಿ ಕೊಡ್ತಾರಾ?"

"ಎಲ್ಲಿ ಕೊಡ್ತಾರೆ!"

"ಹಂಗೇ ಇದೂನು."

ಅಂಜಮ್ಮ ಪಾತ್ರೆ ಕೆಳಗಿಟ್ಟಳು. "ನಮ್ಮ ಹೆಸರು ತೆಗೆದಿದ್ದು ಯಾರು? ನಾವೇನು ಸತ್ತೋಗಿದ್ವಾ?"

"ಆಗ ಬೇರೆಯವರು ಬಿ.ಎಲ್.ಓ. ಇದ್ರು. ಚಳಿಗಾಲದಲ್ಲಿ ಎರಡು ಸಲ ಬಂದವ್ರೆ. ನಿಮ್ಮೆಲ್ಲರ ಮನೆಗೂ ಬೀಗ. ಎದುರುಮನೆಯವರನ್ನ ಕೇಳಿದ್ರಂತೆ. 'ಊರು ಬಿಟ್ಟು ಹೋದ್ರು, ಎಲ್ಲಿಗೆ ಅಂತ ಗೊತ್ತಿಲ್ಲ' ಅಂದ್ರಂತೆ. ಅದನ್ನೇ ಬರ್ಕೊಂಡು ಹೋದ್ರು. ಇನ್ನೂ ಸರಿಯಾಗಿ ವಿಚಾರಿಸ್ಬೇಕಿತ್ತು, ನಮ್ಮ ಕಡೆ ತಪ್ಪೂ ಇದೆ."

"ಯಾವನ್ಲಾ ಅದು ಹಂಗಂದೋನು?" ಅಂಜಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಎದುರು ಜಗಲಿಯ ಮೇಲೆ ಕೂತಿದ್ದ, ವರ್ಷವಿಡೀ ಊರಲ್ಲೇ ಇರುವ ಮುದುಕ ಶ್ರೀರಾಮಪ್ಪ ಕೆಮ್ಮಿದ.

"ನಾನೇ ಕಣಮ್ಮಾ. ಹೆಗಲಿಗೆ ಬ್ಯಾಗು, ಕೈಯಲ್ಲಿ ಕಾಗದ. ಕೋರ್ಟ್ ಅಮೀನ ಅಂದ್ಕೊಂಡೆ. ಸಮನ್ಸ್ ತಂದೋರಿಗೆ ಹಂಗೇ ಹೇಳ್ಬೇಕು ಅಂತ ಈ ಲಾಯರಪ್ಪನೇ ಅಲ್ವಾ ಹೇಳ್ಕೊಟ್ಟಿದ್ದು!"

ಹೌದು, ಹೇಳಿಕೊಟ್ಟಿದ್ದರು. ಆ ಬೀದಿಯಲ್ಲಿ ಜಮೀನು ಭಾಗದ ಕೇಸಿಲ್ಲದ ಮನೆಯೇ ಇಲ್ಲ. ಕೋರ್ಟಿನ ಕಾಗದ ತಂದವನಿಗೆ ಅಕ್ಕಪಕ್ಕದವರು "ಊರು ಬಿಟ್ಟು ಹೋದ್ರು" ಅಂದರೆ ಕೇಸು ನಾಲ್ಕು ತಿಂಗಳು ಮುಂದೆ ಹೋಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಭೀಮರಾಜ್ ಇದನ್ನು ದೊಡ್ಡ ಜಾಣತನ ಎಂದುಕೊಂಡು ಬೀದಿಗೆಲ್ಲ ಪಾಠ ಮಾಡಿದ್ದರು. ಮಾಡಿದ್ದುಣ್ಣೋ ಮಹಾರಾಯ ಅಂದರೆ ಇದೇ. ಯಾವ ಬೀದಿಯಲ್ಲಿ ಕೈ ಮುಗಿದು ವೋಟು ಕೇಳಿದ್ದರೋ, ಆ ಬೀದಿಯನ್ನೇ ಅವರ ಮಾತು ಪಟ್ಟಿಯಿಂದ ಅಳಿಸಿಹಾಕಿತ್ತು. ಅವರಿಗೆ ನಾಚಿಕೆಯಾಯಿತು. ಶ್ರೀರಾಮಪ್ಪನ ಪಕ್ಕ ಜಗಲಿಯ ಮೇಲೆ ಹೋಗಿ ಕೂತರು.

"ತಪ್ಪು ನಂದೇ ಅಂಜಮ್ಮಕ್ಕ" ಎಂದರು. "ಅಮೀನನಿಗೂ ಹಂಗೆ ಹೇಳಿಸಬಾರ್ದಿತ್ತು. ಕೇಸು ಎಳ್ಕೊಂಡು ಹೋಯ್ತು, ಅಲೆದಿದ್ದು ನೀವು. ವೋಟೂ ಹೋಯ್ತು."

ಅಂಜಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದರು. ಅವಳು ಬಯ್ಯಲಿಲ್ಲ. ಅವಳಿಗೂ ಸಾಕಾಗಿತ್ತು.

"ಈಗ ಏನ್ ಮಾಡ್ಬೇಕು ಟೀಚರಮ್ಮ?"

"ಲಿಸ್ಟಿಗೆ ಹೆಸರು ಸೇರಿಸೋಕೆ ಫಾರಂ ಆರು ತುಂಬಿ. ಫೋಟೋ, ಆಧಾರ್, ಈ ಊರಿನ ವಿಳಾಸದ ಒಂದು ದಾಖಲೆ. ದುಡ್ಡೇನೂ ಇಲ್ಲ."

"ತುಂಬಿ ನಾಳಿದ್ದು ಹೋಗ್ಬಿಡ್ತೀವಿ. ಮತ್ತೆ ಬೀಗ ನೋಡಿ ತೆಗೆದ್ರೆ? ಅದಕ್ಕಿಂತ ಮಾಲೂರಲ್ಲೂ ಒಂದು ಹೆಸರು ಬರೆಸ್ಬಿಟ್ರೆ?"

"ಎರಡು ಕಡೆ ಇರಬಾರ್ದು, ಅದು ಕಾನೂನಿಗೆ ವಿರುದ್ಧ. ನಿಮ್ಮ ಮನೆ ಇರೋದು ಇಲ್ಲೇ ತಾನೆ? ಇಲ್ಲೇ ಇರಲಿ. ನನಗೂ, ಶ್ರೀರಾಮಪ್ಪ ತಾತನಿಗೂ ಫೋನ್ ನಂಬರ್ ಕೊಟ್ಟು ಹೋಗಿ. ಲಿಸ್ಟ್ ಬಂದ ಮೇಲೆ ನೀವೇ ಫೋನ್ ಮಾಡಿ ಕೇಳಿ, ಹೆಸರು ಇದೆಯಾ ಅಂತ. ಎಲೆಕ್ಷನ್ ದಿನ ಬಂದು ಕೇಳಿದ್ರೆ ನಾನೂ ಏನೂ ಮಾಡೋಕಾಗಲ್ಲ."

ಶ್ರೀರಾಮಪ್ಪ ಹೊಸ ಪಾಠ ಒಪ್ಪಿಸಿದ. "'ಕೂಲಿಗೆ ಮಾಲೂರಿಗೆ ಹೋಗವ್ರೆ, ಮಳೆಗಾಲಕ್ಕೆ ಬರ್ತಾರೆ, ತಗೊಳ್ಳಿ ನಂಬರ್' ಅಂತೀನಿ. ಅಮೀನ ಬಂದ್ರೆ?"

"ಅಮೀನ ಬಂದ್ರೂ ಅದನ್ನೇ ಹೇಳು ತಾತಾ" ಎಂದರು ಭೀಮರಾಜ್.

ಒಬ್ಬೊಬ್ಬರಾಗಿ ಬೀದಿಯವರು ಬಂದರು. ಕೆಲವರು ಬರಲೇ ಇಲ್ಲ. ಬರೆಯಲು ಬಾರದವರ ಫಾರಂ ಭೀಮರಾಜ್ ಬರೆದುಕೊಟ್ಟರು. ಕೊನೆಗೆ ಅಂಜಮ್ಮನದು, ಅವಳ ಗಂಡ ಮುನಿಕೃಷ್ಣನದು, ಹದಿನೆಂಟು ತುಂಬಿದ ಮಗಳು ಮುನಿಲಕ್ಷ್ಮಿಯದು. ಅಂಜಮ್ಮ ಸಹಿ ಹಾಕಿ, ಪೆನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಮತ್ತೆ ನಿಲ್ತೀರಾ ಲಾಯರಪ್ಪಾ?"

"ಇಲ್ಲಕ್ಕ. ಮೂರು ಸಲ ಸಾಕು. ಒಂದೇ ಕೊರಗು. ಅವತ್ತು ನನಗೋಸ್ಕರ ನಲವತ್ತಮೂರು ಜನ ಬಿಸಿಲಲ್ಲಿ ಬಂದು ವಾಪಸ್ ಹೋದ್ರಲ್ಲ."

"ನಿಮಗೋಸ್ಕರ ಅಂತ ಯಾರ್ ಹೇಳಿದ್ದು?" ಅಂಜಮ್ಮನಿಗೆ ನಗು ಬಂತು. "ನಾನು ಬಂದಿದ್ದೇ ನಿಮ್ಮನ್ನ ಸೋಲ್ಸೋಕೆ. ಹನ್ನೊಂದು ವರ್ಷದಿಂದ ನನ್ನ ಕೇಸಿಗೆ ಬರೀ ವಾಯಿದೆ ತಗೋತಿದ್ದೀರ. ಒಂದು ದಿನದ ಕೂಲಿ ಹೋದ್ರೂ ಪರವಾಗಿಲ್ಲ, ಈ ಯಪ್ಪನಿಗೆ ಬುದ್ಧಿ ಕಲಿಸ್ಬೇಕು ಅಂತ ಮಾಲೂರಿಂದ ಬಂದಿದ್ದೆ. ಅದಕ್ಕೂ ಬಿಡ್ಲಿಲ್ವಲ್ಲ!"

ಭೀಮರಾಜ್ ಅವಳ ಫಾರಂ ಮತ್ತೊಮ್ಮೆ ಮೊದಲಿಂದ ಓದಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅದನ್ನು ಅನಸೂಯಮ್ಮನ ಕೈಗೆ ಕೊಟ್ಟು ಹೇಳಿದರು.

"ಇದು ಮಾತ್ರ ತಪ್ಪಿಸ್ಬೇಡಿ ಟೀಚರ್. ಆ ವೋಟು ನನ್ನ ವಿರುದ್ಧ ಬೀಳ್ಬೇಕಿತ್ತು."

ಓದುವ ಅಕ್ಕ, ಕೇಳುವ ಅಣ್ಣ, ನೀವು ಯಾರಿಗೆ ವೋಟು ಹಾಕುತ್ತೀರಿ ಎಂದು ನಾವು ಕೇಳುವುದಿಲ್ಲ. ಅದು ನಿಮಗೆ ಬಿಟ್ಟಿದ್ದು. ಕೂಲಿಗೆ ಊರು ಬಿಡುವ ಮುಂಚೆ ನಿಮ್ಮ ಬಿ.ಎಲ್.ಓ. ಯಾರು ಎಂದು ತಿಳಿದುಕೊಳ್ಳಿ, ನಂಬರ್ ಕೊಡಿ. ಅವರು ಸಿಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಎದುರುಮನೆಗೆ ಬೀಗ ಇದ್ದರೆ, ಕೇಳಿದವರಿಗೆ ಇದ್ದದ್ದು ಇದ್ದಂತೆ ಹೇಳಿ. ಒಬ್ಬರನ್ನು ಗೆಲ್ಲಿಸಬೇಕು ಅನ್ನಿಸಿದರೂ ಸರಿ, ಸೋಲಿಸಲೇಬೇಕು ಅನ್ನಿಸಿದರೂ ಸರಿ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಈ ವಾರವೇ ನೋಡಿ.