ಟೈಲರಮ್ಮ ಬೇಡವೆಂದ ಮೇಲೆ

ವಿದೇಶಿ ರಾಯಭಾರ ಕಚೇರಿಯ ದುಭಾಷಿಗೆ ಟೈಲರಮ್ಮನ ಪರಿಚಯವಾದದ್ದು ಆಕೆಯ ಗಂಡ ಪೊಲೀಸ್ ಲಾಕಪ್ಪಿನಲ್ಲಿ ಸತ್ತಾಗ. ಆಕೆಯ ಹೊಲಿಗೆ ಯಂತ್ರದ ಪಕ್ಕ ಕೂತು ದುಭಾಷಿ ಎಲ್ಲವನ್ನೂ ಬರೆದುಕೊಂಡಿದ್ದಳು. ಆದರೆ ಕಚೇರಿ ವರ್ಷಕ್ಕೊಮ್ಮೆ ಹೊರತರುವ ಮಾನವ ಹಕ್ಕುಗಳ ವರದಿಯಲ್ಲಿ ಅದು ಬರಲಿಲ್ಲ. ಆಗ ಎರಡು ಸರ್ಕಾರಗಳ ನಡುವೆ ಬಂದರಿನ ಒಪ್ಪಂದ ಕುದುರುತ್ತಿತ್ತು. ಈ ಸಾವನ್ನು ಎತ್ತಿದರೆ ಮಾತು ಕೆಡುತ್ತದೆಂದು ಕಚೇರಿಯ ಸಾಹೇಬರು ಅದನ್ನು ಬದಿಗಿಟ್ಟರು. "ನಮ್ಮನೆಯವರ ವಿಷಯ ಬಂತಾ?" ಎಂದು ಟೈಲರಮ್ಮ ಕೇಳಿದಾಗಲೆಲ್ಲ ದುಭಾಷಿ, "ಮುಂದಿನ ಸಲ ಬರುತ್ತೆ ಅಕ್ಕಾ" ಎಂದು ಸಾಗಹಾಕುತ್ತಿದ್ದಳು. ಕೊನೆಗೆ ಆಕೆ ಕೇಳುವುದನ್ನೇ ಬಿಟ್ಟಳು.

ಕೆಲವು ವರ್ಷಗಳ ನಂತರ ಬಂದರು ಬೇರೊಂದು ದೇಶದ ಪಾಲಾಯಿತು. ಸಾಹೇಬರು ದುಭಾಷಿಯನ್ನು ಕರೆಸಿ, "ಆ ಲಾಕಪ್ ಸಾವಿನ ವಿಷಯ ಈಗ ಬೇಕು. ಹೆಂಡತಿಯ ಒಪ್ಪಿಗೆ ಕೇಳ್ಕೊಂಡು ಬಾ" ಎಂದರು.

ಟೈಲರಮ್ಮ ಅಂಗಿಗೆ ಕಾಜಾ ಹಾಕುತ್ತಲೇ ಕೇಳಿಸಿಕೊಂಡಳು. "ಬೇಡ ಕಣಮ್ಮ. ಮಗಳಿಗೆ ಸರ್ಕಾರಿ ಆಸ್ಪತ್ರೇಲಿ ನರ್ಸ್ ಕೆಲಸ ಸಿಕ್ಕಿದೆ. ಅದಕ್ಕೆ ಕಲ್ಲು ಹಾಕಬೇಡ."

"ಹೆಸರು ಹಾಕಲ್ಲ ಅಕ್ಕಾ."

"ಹೆಸರು ಯಾಕೆ ಬೇಕು? ಲಾಕಪ್ಪಲ್ಲಿ ಗಂಡನ್ನ ಕಳ್ಕೊಂಡ ಟೈಲರು ಈ ಊರಲ್ಲಿ ಎಷ್ಟು ಜನ ಇದ್ದಾರೆ?"

ಕಚೇರಿಗೆ ಮರಳಿದಾಗ ಸಾಹೇಬರು ಫೋನಿನಲ್ಲಿದ್ದರು. ಒಪ್ಪಿದಳಾ ಎಂಬಂತೆ ಹುಬ್ಬೇರಿಸಿದರು. ಆಗ ದುಭಾಷಿಯ ಬಡ್ತಿಯ ಮಾತು ನಡೆದಿತ್ತು. ಅವಳು ಹೌದೆಂದು ತಲೆಯಾಡಿಸಿಬಿಟ್ಟಳು. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಸಂಜೆಯವರೆಗೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವರದಿ ಹೊರಬಿತ್ತು. ಸಾಹೇಬರು ಪತ್ರಕರ್ತರ ಮುಂದೆ ಆ ಭಾಗವನ್ನೇ ಗದ್ಗದಿತರಾಗಿ ಓದಿದರು. ಅನುವಾದ ಕಣ್ಣಿಗೆ ಕಟ್ಟುವಂತಿದೆ ಎಂದು ಕಚೇರಿಯವರೆಲ್ಲ ದುಭಾಷಿಯನ್ನು ಹೊಗಳಿದರು. ಮರುದಿನವೇ ಪೊಲೀಸರು ಹೊಲಿಗೆ ಅಂಗಡಿಗೆ ಬಂದರು. ವಾರ ತುಂಬುವಷ್ಟರಲ್ಲಿ ಮಗಳ ಕೆಲಸ ಹೋಯಿತು.

ಸುದ್ದಿ ತಿಳಿದ ದುಭಾಷಿ ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, "ಆಕೆ ಬೇಡ ಅಂದಿದ್ರು. ನಾನೇ ನಿಮಗೆ ಸುಳ್ಳು ಹೇಳ್ದೆ" ಎಂದಳು. ಬೈದರೆ ಸಾಕೆಂದು ಕಾದು ನಿಂತಳು.

ಸಾಹೇಬರು ಪೆನ್ನು ಕೆಳಗಿಟ್ಟು, "ಪೊಲೀಸರು ಕಾಟ ಕೊಡ್ತಿದ್ದಾರಾ? ಹಾಗಾದ್ರೆ ಅದನ್ನೂ ಸೇರಿಸೋಣ. ಬರೆದು ಕೊಡು" ಎಂದರು.

"ಬರೆಯಲ್ಲ ಸರ್" ಎಂದವಳು ನೇರ ಅಂಗಡಿಗೆ ನಡೆದಳು. ಮಗಳು ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಟೈಲರಮ್ಮ ದನಿ ಏರಿಸಲಿಲ್ಲ.

"ಅವತ್ತು ಕೇಳೋಕೆ ಯಾಕೆ ಬಂದೆ? ಕೇಳದೆ ಹಾಕಿದ್ರೆ, ನೀನೂ ಅವರ ಪೈಕಿ ಅಂದ್ಕೊಂಡು ಸುಮ್ಮನಾಗ್ತಿದ್ದೆ."

ದುಭಾಷಿ ಅಂಗಡಿಯ ಮೆಟ್ಟಿಲಿಳಿದಳು. ಮಗಳು ಎದ್ದು ಬಂದು ಶಟರ್ ಎಳೆದಳು.