ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲು

ಸೈಕಲ್ ಚಕ್ರದ ಹನ್ನೊಂದನೆಯ ಕಡ್ಡಿಗೆ ಬಂದಾಗ ರಜಿಯಾಬೇಗಂ ಚಾವಿಯಿಂದ ಅದನ್ನು ಕಾಲು ಸುತ್ತು ಸಡಿಲಿಸಿ ಚಕ್ರವನ್ನು ಮತ್ತೆ ತಿರುಗಲು ಬಿಟ್ಟಳು. ರಿಮ್ಮಿನ ಅಂಚಿಗೆ ಬಳಪ ಹಿಡಿದು ಕೂತಳು. ಸೊಟ್ಟಿದ್ದ ಕಡೆ ಬೆಳಿಗ್ಗೆ ಗೇಣುದ್ದದ ಗೆರೆ ಬೀಳುತ್ತಿತ್ತು, ಈಗ ಎರಡು ಬೆರಳಿನಷ್ಟು. ಒಳಗೆ ಒಲೆಯ ಮೇಲೆ ಬೇಳೆ ಉಕ್ಕುವ ಸದ್ದಾಯಿತು. ಎದ್ದು ಹೋಗಿ ಉರಿ ಸಣ್ಣದು ಮಾಡಿ ಬಂದು ಹನ್ನೆರಡನೆಯ ಕಡ್ಡಿ ಹಿಡಿದಳು.

ಗಂಗಾವತಿಯ ಆ ಓಣಿಯಲ್ಲಿ ಮುಂದಿನ ಕೋಣೆ ಗಂಡ ಚಾಂದಸಾಬನ ಸೈಕಲ್ ಅಂಗಡಿ, ಹಿಂದಿನ ಹಿತ್ತಲು ಇವಳದು. ಸೊಟ್ಟಗಾದ ಚಕ್ರಗಳು ಮುಂದಿನ ಬಾಗಿಲಿಂದ ಬಂದು ಹಿತ್ತಲಲ್ಲಿ ನೆಟ್ಟಗಾಗಿ ಮತ್ತೆ ಮುಂದಿನ ಬಾಗಿಲಿಂದಲೇ ಹೋಗುತ್ತಿದ್ದವು. ಚಕ್ರದ ಔಟು, ಅಂದರೆ ಸೊಟ್ಟು, ತೆಗೆಯುವುದರಲ್ಲಿ ಚಾಂದಸಾಬನ ಕೈಗೆ ಸಾಟಿಯಿಲ್ಲ ಎಂದು ಊರು ಹೇಳುತ್ತಿತ್ತು. ಆ ಕೈ ರಜಿಯಾಳದು ಎಂದು ಗೊತ್ತಿದ್ದವರು ಮೂರೋ ನಾಲ್ಕೋ ಜನ. ಮಾವನ ಕಾಲದಿಂದ ಅಂಗಡಿಗೆ ಒಂದು ಕಟ್ಟಳೆ ಇತ್ತು: ಔಟು ತೆಗೆದ ಚಕ್ರ ಒಂದು ಸುತ್ತು ಓಡದೆ ಗಿರಾಕಿಯ ಕೈಗೆ ಹೋಗಬಾರದು. ಕಡ್ಡಿ ಬಿಗಿಯುವುದು ಇವಳ ಕೆಲಸ, ಸುತ್ತು ಹೊಡೆಯುವುದು ಅವನದು. ಇಪ್ಪತ್ತಾರು ವರ್ಷ ಹಾಗೇ ನಡೆದಿತ್ತು. ಏಕೆಂದರೆ ರಜಿಯಾಳಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಕುಷ್ಟಗಿಯಲ್ಲಿ ಚಿಕ್ಕವಳಿದ್ದಾಗ ತಮ್ಮಂದಿರು ಬಾಡಿಗೆ ಸೈಕಲ್ ಕಲಿಯುವಾಗ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದ್ದಳು, ಅಷ್ಟೆ. ಹತ್ತಿದವಳಲ್ಲ.

ಇವತ್ತಿನ ಚಕ್ರ ಮಾತ್ರ ಬೇರೆ ಜಾತಿಯದು. ಟೈರು ಮುಂಗೈ ದಪ್ಪ. ಸೈಕಲ್ಲು ನೀರಿನ ತೊಟ್ಟಿಗೆ ಒರಗಿ ನಿಂತಿತ್ತು, ಬದನೆ ಹೂವಿನ ಬಣ್ಣದ್ದು. ಹ್ಯಾಂಡಲ್ಲು ಎಮ್ಮೆಯ ಕೋಡಿನಂತೆ ಅಗಲಕ್ಕೆ ಹೋಗಿ, ಕೂತವರ ಕೈಗೇ ಬರುವಂತೆ ಹಿಂದಕ್ಕೆ ಬಾಗಿತ್ತು. ಸೀಟು ಮಣೆಯಷ್ಟು ಅಗಲ. ನಡುವಿನ ಕೊಳವೆ ಎಷ್ಟು ಕೆಳಗಿತ್ತೆಂದರೆ ಸೀರೆ ಉಟ್ಟವರೂ ಹೊಸ್ತಿಲು ದಾಟಿದಂತೆ ದಾಟಬಹುದಿತ್ತು.

ಅದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಅನುಷಾಳದು. ಯಲಬುರ್ಗಾ ಕಡೆಯ ಹುಡುಗಿ, ಹೊಸದಾಗಿ ಬಂದವಳು. ತಿಂಗಳ ಹಿಂದೆ ರಜಿಯಾ ಗಂಡನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಅವಳನ್ನು ಮೊದಲ ಸಲ ನೋಡಿದ್ದಳು. ಭತ್ತದ ಲಾರಿಗಳು ಹಾರನ್ ಹೊಡೆಯುತ್ತಿದ್ದವು, ಆಟೊಗಳು ನುಗ್ಗುತ್ತಿದ್ದವು. ಅವುಗಳ ಮಗ್ಗುಲಲ್ಲಿ ಈ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಬೇವಿನ ಮರ ನೋಡುತ್ತ, ಬಳೆ ಅಂಗಡಿ ನೋಡುತ್ತ ಬರುತ್ತಿದ್ದಳು. ಸೈಕಲ್ ಹೊಡೆಯುವವರು ಮುಂದಕ್ಕೆ ಬಾಗಿ ದಮ್ಮು ಕಟ್ಟಿ ತುಳಿಯುವುದನ್ನೇ ಕಂಡಿದ್ದ ರಜಿಯಾಳಿಗೆ ಅದು ಸೈಕಲ್ ಸವಾರಿ ಅನಿಸಲೇ ಇಲ್ಲ. ಮನೆಯ ಕಟ್ಟೆಯ ಮೇಲೆ ಸಂಜೆ ಕೂತವರ ಹಾಗಿತ್ತು. ಕಟ್ಟೆಯೇ ಹೊರಟಿತ್ತು. ತಿರುವಿನವರೆಗೂ ಅವಳು ಕತ್ತು ಹೊರಳಿಸಿ ನೋಡಿದ್ದಳು.

ಅದೇ ಸೈಕಲ್ಲು ನಲ್ಲಿ ಪೈಪಿನ ತಗ್ಗಿಗೆ ಬಿದ್ದು ಹಿಂದಿನ ಚಕ್ರ ಸೊಟ್ಟಗೆ ಮಾಡಿಕೊಂಡು ಇವಳ ಹಿತ್ತಲಿಗೇ ಬಂದಿತ್ತು. ಸಂಜೆ ಐದಕ್ಕೆ ಒಯ್ಯುತ್ತೇನೆ ಎಂದಿದ್ದಳು ಅನುಷಾ.

ಮಧ್ಯಾಹ್ನ ಚಕ್ರ ಕೂಡಿಸಿದ ಮೇಲೆ ಚಾಂದಸಾಬ ಹಿತ್ತಲಿಗೆ ಬಂದು ಪೆಡಲ್ಲನ್ನು ಹಿಂದಕ್ಕೆ ತಿರುವಲು ನೋಡಿದ. ತಿರುಗಲಿಲ್ಲ.

“ಫ್ರೀವೀಲ್ ಜಾಮ್ ಆಗೈತಿ ನೋಡು. ಹ್ಯಾಂಡಲ್ ಮ್ಯಾಲ ಬ್ರೇಕೂ ಹಚ್ಚಿಲ್ಲ. ಇಷ್ಟ ರೊಕ್ಕಾ ತಗೊಂಡು ಬ್ರೇಕ್ ಇಲ್ಲದ್ದು ಕೊಟ್ಟಾರಲ್ಲ, ಕಂಪನಿಯವ್ರಿಗೆ ಖುದಾನ ಬುದ್ಧಿ ಕೊಡಬೇಕು.”

ಹಿತ್ತಲ ಹಿಂದೆ ಉದ್ದಕ್ಕೆ ಒಂದು ಸಂದಿ. ಅಲ್ಲಿ ಸುತ್ತು ಹೊಡೆಯಲು ಹೊರಟ. ನಾಲ್ಕು ತುಳಿತ ತುಳಿದು, ನಲವತ್ತು ವರ್ಷದ ರೂಢಿಯಂತೆ ಕಾಲಿಗೆ ಆರಾಮ ಕೊಡಲು ಪೆಡಲ್ಲನ್ನು ಹಿಂದಕ್ಕೆ ಒತ್ತಿದ. ಸೈಕಲ್ಲು ಹಿಡಿದು ಜಗ್ಗಿದಂತೆ ನಿಂತಿತು. ಚಾಂದಸಾಬ ನಿಲ್ಲಲಿಲ್ಲ.

ಸಂದಿಯ ಆಚೆ ಎಮ್ಮೆ ಕಟ್ಟಿಕೊಂಡಿದ್ದ ಮಾರೆವ್ವ ಸಗಣಿ ಕೈಯಲ್ಲೇ ಓಡಿ ಬಂದಳು. ಅವನು ಎದ್ದು ಕೂತದ್ದು ಕಂಡ ಮೇಲೆ ನಗು ತಡೆಯಲಿಲ್ಲ.

“ಚಾಂದಣ್ಣ, ಇದು ಕುದುರಿ ಅಲ್ಲೋ, ಕತ್ತೆ! ಮನಸ್ಸಿಗೆ ಬಂದಲ್ಲಿ ನಿಂದರ್ತೈತಿ.”

“ಸುಮ್ನಿರವಾ. ಕೆಟ್ಟೈತಿ ಇದು.” ಮತ್ತೆ ಹತ್ತಿದ. ಈ ಸಲ ಹುಷಾರಾಗಿಯೇ ಹೊರಟ. ಆದರೆ ಕಾಲು ಅವನ ಮಾತು ಕೇಳಲಿಲ್ಲ, ಹತ್ತು ಮಾರು ಹೋಗುವಷ್ಟರಲ್ಲಿ ತಾನಾಗಿ ಹಿಂದಕ್ಕೆ ತುಳಿಯಿತು. ಎರಡನೆಯ ಸಲ ಮೊಣಕಾಲು ಕಲ್ಲಿಗೆ ಬಡಿಯಿತು.

“ತಾ ಪಾನಾ! ಚಕ್ರದ ನಡುವಿನ ಹಬ್ಬೇ ಬಿಚ್ಚಿ ಬ್ಯಾರೆ ಹಾಕ್ತೀನಿ!”

ರಜಿಯಾ ನಟ್ಟು ಬಿಚ್ಚುವ ಪಾನಾ ಕೊಡಲಿಲ್ಲ. ಹಿಂದಿನ ಚಕ್ರ ಎತ್ತಿ ಹಿಡಿದು ಕೈಯಿಂದ ಪೆಡಲ್ ತಿರುವಿದಳು. ಚಕ್ರ ಸದ್ದಿಲ್ಲದೆ ಹರಿಯಿತು. ಪೆಡಲ್ಲನ್ನು ತುಸು ಹಿಂದಕ್ಕೆ ಒತ್ತಿದಳು. ನಿಂತಿತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಥಟ್ಟನೆ. ಮತ್ತೆ ತಿರುವಿದಳು, ಮತ್ತೆ ನಿಲ್ಲಿಸಿದಳು. ಇಷ್ಟು ವರ್ಷ ಚಕ್ರಗಳ ಜೊತೆ ಬಾಳಿದವಳಿಗೆ ಚಕ್ರದ ಹೊಟ್ಟೆಯಲ್ಲಿ ಇಂಥದೊಂದು ಗುಟ್ಟು ಇರಬಹುದೆಂದು ತೋಚಿರಲಿಲ್ಲ.

“ಬಿಚ್ಚಬ್ಯಾಡ್ರಿ. ಕೆಟ್ಟಿಲ್ಲ ಇದು. ಇದರ ಬ್ರೇಕ್ ಕಾಲಾಗ ಐತಿ.”

ನಂಬದೆ ಚಾಂದಸಾಬ ಅನುಷಾಳಿಗೆ ಫೋನ್ ಹಚ್ಚಿದ. ಆ ಕಡೆಯ ನಗು ಹಿತ್ತಲಿಗೆಲ್ಲ ಕೇಳಿತು. “ಅಯ್ಯ ಕಾಕಾ, ಹೇಳೂದ ಮರತ್ನಿ ನೋಡ್ರಿ! ಹಿಂದಕ್ಕ ತುಳಿದ್ರ ಬ್ರೇಕ್ ಅದು. ಇವತ್ತ ಮೀಟಿಂಗ್ ಐತಿ, ನಾಳೆ ಮಧ್ಯಾಹ್ನ ಬರ್ತೀನ್ರಿ.”

“ನಾಳೆ ಮುಂಜಾನಿ ಒಂಬತ್ತಕ್ಕ ಜಿಲಾನಿ ಬರ್ತಾನ, ಅವನ ಕಡೆ ಸುತ್ತು ಹೊಡಸ್ತೀನಿ,” ಎಂದ ಚಾಂದಸಾಬ, ಅಂಗಡಿಯ ಪಂಕ್ಚರ್ ಆಳಿನ ಹೆಸರು ಹೇಳಿ.

“ಅವನ ಕಾಲೇನು ಬ್ಯಾರೆ ಅದಾವ?” ಮಾರೆವ್ವ ಅಂದಳು. “ಸೈಕಲ್ ಬರೋವ್ರೆಲ್ಲ ಬೀಳ್ತೀರಿ. ನನ್ನ ಕೇಳಿದ್ರ ಈಕಿನ್ನ ಕೂಡಸು. ಈಕಿ ಕಾಲಿಗೆ ಯಾವ ಚಟಾನೂ ಇಲ್ಲ.”

ಚಾಂದಸಾಬ ನಕ್ಕು, ಕುಂಟುತ್ತ ಅಂಗಡಿಗೆ ಹೋದ. ಮಾರೆವ್ವನೂ ತಮಾಷೆಗೇ ಅಂದದ್ದು. ಆದರೆ ರಜಿಯಾ ಸೆರಗು ಸೊಂಟಕ್ಕೆ ಬಿಗಿದುಕೊಂಡು ಸೈಕಲ್ಲನ್ನು ಸಂದಿಗೆ ಇಳಿಸಿದಳು.

“ಏ, ಖರೇನ ಏನ?”

“ಹಿಂದ ಹಿಡಕೋ. ಬಾಯಿ ಮುಚ್ಚು.”

ಕೂತಳು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿದವು, ಅದೇ ಮೊದಲ ಬೆರಗು. ಕಾಲಿನಿಂದ ನೆಲ ಒತ್ತಿ ಒತ್ತಿ ಸರಿದಳು. ಮೂರು ಸಲ ಗೋಡೆಗೆ ಹೋಯಿತು, ಮಾರೆವ್ವ ಮೂರು ಸಲವೂ ನಿನ್ನ ಸೊಸೀನ ನೋಡವಾ ಎಂದು ರಜಿಯಾಳ ಅತ್ತೆಯ ಹೆಸರು ಹಿಡಿದು ಕೂಗಿದಳು. ಐದನೆಯ ಸಲವೋ ಆರನೆಯದೋ, ಕಾಲು ಮೇಲೆತ್ತಿಕೊಂಡಳು. ಬೀಳಲಿಲ್ಲ. ದಪ್ಪ ಟೈರು ಕಲ್ಲುಮಣ್ಣನ್ನು ನುಂಗುತ್ತ ಹೊರಟಿತು. ತುಳಿದಳು. ಮತ್ತೆ ತುಳಿದಳು. ಹಿಂದೆ ಮಾರೆವ್ವನ ಉಸಿರು ಕೇಳುತ್ತಿರಲಿಲ್ಲ, ಅವಳು ಯಾವಾಗಲೋ ಕೈ ಬಿಟ್ಟಿದ್ದಳು.

ಇಪ್ಪತ್ತಾರು ವರ್ಷ ಓಡಾಡಿದ ಸಂದಿ ಅದು. ನಡೆಯುವಾಗ ಕಣ್ಣು ತಗ್ಗು ದಿಬ್ಬಗಳ ಮೇಲೆ. ಸ್ಕೂಟರ್ ಹತ್ತಿದರೆ ಎದುರಿಗೆ ಗಂಡನ ಬೆನ್ನಿನ ಅಂಗಿ, ಊರೆಲ್ಲ ಮಗ್ಗುಲಲ್ಲಿ ಸರಿದುಹೋಗುವುದು. ಈಗ ಊರು ಎದುರಿನಿಂದ ಬರುತ್ತಿತ್ತು. ಕಾಂಪೌಂಡುಗಳ ಆಚೆ ಯಾರದೋ ನುಗ್ಗೆ ಗಿಡ ಹೂ ಬಿಟ್ಟಿತ್ತು. ಒಣಹಾಕಿದ ಹಸಿರು ದುಪಟ್ಟಾ ಗಾಳಿಗೆ ಎದ್ದು ಬಿದ್ದಿತು. ಒಬ್ಬ ಮುದುಕಿ ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಿ ಇವಳನ್ನು ನೋಡಿದಳು, ಬಾಯಿ ತೆರೆದಳು. ಇವಳಿಗೂ ಅವಳ ಮುಖ ನೋಡಲು ಸಾಕಷ್ಟು ಹೊತ್ತಿತ್ತು. ಯಾವುದಕ್ಕೂ ಅವಸರವಿಲ್ಲ. ತಾನು ನೆಟ್ಟಗೆ ಮಾಡಿದ ಚಕ್ರ ಹೀಗೆ ಓಡುತ್ತದೆಯೇ? ಸಾವಿರ ಚಕ್ರ ನೆಟ್ಟಗೆ ಮಾಡಿರಬಹುದು. ಅವುಗಳ ಮೇಲೆ ಕೂತವರಿಗೆ ಹೀಗೇ ಅನಿಸುತ್ತಿತ್ತೆಂದು ಯಾರೂ ಹೇಳಿರಲಿಲ್ಲ.

ಸಂದಿ ದೊಡ್ಡ ರಸ್ತೆಗೆ ಸೇರುವಲ್ಲಿ ಹಿಂದಕ್ಕೆ ಒತ್ತಿದಳು. ಹೇಳಿದ ಮಾತು ಕೇಳಿದಂತೆ ನಿಂತಿತು. ಎದುರಿಗೆ ಕನಕಗಿರಿ ರಸ್ತೆ, ಲಾರಿ, ಬಸ್ಸು, ಜನ. ಕಾಲು ಊರಿ ತುಂಬ ಹೊತ್ತು ನೋಡಿದಳು. ಅಲ್ಲಿಂದ ಮುಂದಕ್ಕೆ ಹೋಗುವ ಧೈರ್ಯ ಆಗಲಿಲ್ಲ. ಇಳಿದು ಸೈಕಲ್ ತಿರುಗಿಸಿದಳು.

ಸಂಜೆ ಚಾಂದಸಾಬ ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ಕೇಳಿದ, “ಚಕ್ರ ಮುಗೀತಿಲ್ಲೋ?”

ಚಕ್ರದಲ್ಲಿ ಒಂದು ಕೂದಲೆಳೆಯಷ್ಟೂ ಔಟು ಇರಲಿಲ್ಲ.

“ಇನ್ನೊಂದೀಟು ನೋಡೂದೈತ್ರಿ,” ಎಂದಳು ರಜಿಯಾ. “ಮುಂಜಾನಿ ನೋಡ್ತೀನಿ.”

“ಒಂಬತ್ತರೊಳಗ ನೋಡು ಮತ್ತ.”

“ಹೂಂ.”

ಅವಳು ಹಿಟ್ಟು ನಾದಲು ಕೂತಳು. ದಿನಾ ಬೆಳಿಗ್ಗೆ ಏಳೂವರೆಗೆ ಅವನು ಚಹಾದಂಗಡಿಗೆ ಹೋಗುತ್ತಾನೆ. ದೊಡ್ಡ ರಸ್ತೆಗೆ ಎಡಕ್ಕೆ ತಿರುಗಿದರೆ ಅಕ್ಕಿ ಗಿರಣಿ, ಅದನ್ನು ದಾಟಿದರೆ ಕಾಲುವೆಯ ಸೇತುವೆ. ಅಲ್ಲಿಗೆ ಹೋಗಿ, ಒಂದಿಷ್ಟು ನೀರು ನೋಡಿ, ತಿರುಗಿ ಬರಬೇಕು. ಸಂದಿಯಿಂದ ಅಲ್ಲ, ಅಂಗಡಿಯ ಮುಂದಿನ ರಸ್ತೆಯಿಂದಲೇ. ಹಿಟ್ಟು ಕೈಗೆ ಅಂಟದಂತಾಗುವವರೆಗೆ ನಾದಿ, ಮೊದಲ ರೊಟ್ಟಿ ಬಡಿದಳು.